ಪೂಜೆಗೆ ಹೋಗಿದ್ಯಾ ಮಗಾ?

ಹಿರೋಶಿಮಾದಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ಪ್ರತಿ ಭಾನುವಾರ ಉಡುಪಿಯಿಂದ ಅಮ್ಮನ ಫೋನ್. ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಪೂಜೆಗೆ ಹೋಗಿದ್ಯಾ ಮಗಾ?"

"ಹೋಗಿದ್ದೆ ಅಮ್ಮ" ಅಂತಿದ್ದೆ. ಹೋಗುತ್ತಿರಲಿಲ್ಲ. ಅಷ್ಟು ದೂರ ಕೂತವಳಿಗೆ ಯಾಕೆ ಬೇಜಾರು ಮಾಡೋದು ಅಂತ.

"ಅಲ್ಲಿನ ಇಗರ್ಜಿಯದ್ದೊಂದು ಫೋಟೊ ಆದ್ರೂ ಕಳಿಸು" ಎಂದು ಅಮ್ಮ ಹಟ ಹಿಡಿದಾಗ ಹುಡುಕಿದೆ. ಸಿಕ್ಕಿದ್ದು ಬೆಟ್ಟಗಳ ನಡುವಿನ ಪುಟ್ಟ ಊರು ತ್ಸುವಾನೊ. ಪ್ರತಿ ವರ್ಷ ಮೇ 3ರಂದು ಅಲ್ಲಿಂದ ಓತೊಮೆ ತೋಗೆ ಎಂಬ ಗುಡ್ಡಕ್ಕೆ ಯಾತ್ರೆ ಹೊರಡುತ್ತದೆ. ಹೇಗೂ ರಜೆ, ರೈಲು ಹತ್ತಿದೆ.

ರಸ್ತೆ ಬದಿಯ ಕಾಲುವೆಯಲ್ಲಿ ಬಣ್ಣದ ಮೀನುಗಳು. ಇಗರ್ಜಿ ಹೊರಗಿನಿಂದ ಯುರೋಪಿನದ್ದು, ಒಳಗೆ ಮಾತ್ರ ಜಪಾನಿನ ತತಾಮಿ ಚಾಪೆ. ಶೂ ಬಿಚ್ಚಿ ಒಳಗೆ ಹೋದೆ. ಮೆರವಣಿಗೆಯಲ್ಲಿ ಮರಿಯಮ್ಮನ ಪ್ರತಿಮೆ, ಮುಂದೆ ಹೂವಿನ ಎಸಳು ಚೆಲ್ಲುವ ಪುಟ್ಟ ಹುಡುಗಿಯರು. ನಮ್ಮೂರ ಮೊಂತಿ ಫೆಸ್ತ್ ನೆನಪಾಯಿತು.

ಗುಡ್ಡದ ಮೇಲೆ ಚಿಕ್ಕ ಪ್ರಾರ್ಥನಾಲಯ, ಪಕ್ಕದಲ್ಲೊಂದು ಕೊಳ. ಅಲ್ಲಿ ಕತೆ ಬೇರೆಯೇ ಇತ್ತು.

ನಾಗಸಾಕಿ ಹತ್ತಿರದ ಉರಾಕಾಮಿಯ ರೈತರು ಸುಮಾರು 250 ವರ್ಷ, ಪಾದ್ರಿಗಳೇ ಇಲ್ಲದೆ, ಗುಟ್ಟಾಗಿ ಕ್ರೈಸ್ತರಾಗಿ ಉಳಿದಿದ್ದವರು. ಅವರ ಹಿರಿಯರು ಅಧಿಕಾರಿಗಳ ಮುಂದೆ ಯೇಸು, ಮರಿಯಮ್ಮನ ಚಿತ್ರವನ್ನು ತುಳಿದು ತೋರಿಸಿ ಬದುಕಿದ್ದರು. 1865ರಲ್ಲಿ ನಾಗಸಾಕಿಯ ಓಉರಾ ಇಗರ್ಜಿಯಲ್ಲಿ ಫ್ರೆಂಚ್ ಪಾದ್ರಿಯೊಬ್ಬರ ಹತ್ತಿರ "ನಾವೂ ನಿಮ್ಮವರೇ" ಎಂದು ಹೇಳಿಕೊಂಡರು. ನಿಷೇಧ ಇನ್ನೂ ಇತ್ತು. ಮೂರು ಸಾವಿರಕ್ಕೂ ಹೆಚ್ಚು ಜನರನ್ನು ದೇಶದ ಬೇರೆ ಬೇರೆ ಕಡೆಗೆ ಗಡಿಪಾರು ಮಾಡಿದರು. ತ್ಸುವಾನೊಗೆ ಬಂದವರು 153 ಮಂದಿ. ಪಾಳು ಬಿದ್ದ ಬೌದ್ಧ ದೇಗುಲದಲ್ಲಿ ಕೂಡಿಹಾಕಿದರು. ಮೊದಲು ಬುದ್ಧಿಮಾತು, ಆಮೇಲೆ ಉಪವಾಸ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೊಳಕ್ಕೆ ನೂಕುವುದು. ಯಾಸುತಾರೊ ಎಂಬವನನ್ನು ಮೂರಡಿಯ ಪಂಜರಕ್ಕೆ ತುರುಕಿದರು. ಅವನು ಅಲ್ಲೇ ಸತ್ತ. ಒಟ್ಟು 30ಕ್ಕೂ ಹೆಚ್ಚು ಮಂದಿ ತೀರಿಕೊಂಡರು. 1873ರಲ್ಲಿ ನಿಷೇಧದ ಫಲಕಗಳನ್ನು ತೆಗೆದ ಮೇಲೆ ಉಳಿದವರು ಊರಿಗೆ ಮರಳಿದರು.

"ಬಿಟ್ಟೆ" ಅಂದುಬಿಟ್ಟರೆ ಅನ್ನ ಸಿಗುತ್ತಿತ್ತು. ತಾಳಲಾರದೆ ಹಾಗಂದವರೂ ಇದ್ದರು. ಅವರನ್ನು ಹಳಿಯಲು ನಾನ್ಯಾರು? ನಾನಾಗಿದ್ದರೆ ಮೊದಲ ದಿನವೇ ಅಂದುಬಿಡುತ್ತಿದ್ದೆ. ಆದರೆ ಉಳಿದವರು ಹಸಿವು, ಚಳಿಗೂ ಹೇಳದ ಸುಳ್ಳನ್ನು ನಾನು ಬರೀ ಸೋಮಾರಿತನಕ್ಕೆ ಎರಡು ವರ್ಷ ಹೇಳಿದ್ದೆನಲ್ಲ.

ಬಯಲಲ್ಲೇ ಪೂಜೆ ನಡೆಯಿತು. ಭಾಷೆ ಅರ್ಧಂಬರ್ಧ ತಿಳಿದರೂ ಎಲ್ಲಿ ಏಳಬೇಕು, ಎಲ್ಲಿ ಕೂರಬೇಕು ಅನ್ನೋದು ಮೈಗೇ ಗೊತ್ತಿತ್ತು. ಮುಗಿದ ಮೇಲೆ ಅಮ್ಮನಿಗೆ ಫೋಟೊ ಕಳಿಸಿ, ಫೋನ್ ಮಾಡಿದೆ.

"ಅಮ್ಮ, ಇಷ್ಟು ದಿನ ಹೋಗ್ತಿದ್ದೆ ಅಂದದ್ದು ಸುಳ್ಳು. ಇವತ್ತೇ ಮೊದಲು."

ಸ್ವಲ್ಪ ಹೊತ್ತು ಮಾತಿಲ್ಲ. "ಗೊತ್ತಿತ್ತು," ಅಂದಳು. "ಪಾದ್ರಿ ಏನು ಹೇಳಿದ್ರು ಅಂತ ನೀನು ಒಂದು ದಿನವೂ ಹೇಳ್ಲಿಲ್ಲ."

ನಾನು ಯಾಸುತಾರೊನ ಕತೆ ಹೇಳಿದೆ. ಹೆಸರನ್ನು ಎರಡು ಸಲ ಹೇಳಿಸಿಕೊಂಡಳು, ರಾತ್ರಿ ಜಪಸರಕ್ಕೆ ಬೇಕಂತೆ.

ಈಗಲೂ ನಾನು ಎಲ್ಲ ಭಾನುವಾರ ಹೋಗಲ್ಲ. ಹೋಗದ ದಿನ "ಹೋಗ್ಲಿಲ್ಲ ಅಮ್ಮ" ಅಂತೀನಿ. ಬೈತಾಳೆ. ಆಮೇಲೆ ಇಬ್ಬರೂ ಮಾತಾಡ್ತೀವಿ, ಮೊದಲಿಗಿಂತ ಜಾಸ್ತಿ ಹೊತ್ತು.