ಅಮ್ಮ ಕೇಳಿದ್ದು ನಡುವಿನ ರೂಮು

1/6

ಮೊದಲ ಫೋಟೋ ಜರ್ಮನಿಯ ಕೀಲ್ ಬಂದರಿನದ್ದು. ಪ್ಲಾಸ್ಟಿಕ್ ಫೈಲನ್ನು ಎದೆಗೆ ಅವುಚಿಕೊಂಡು ನಿಂತಿರೋರು ಅಪ್ಪ. ನಾಲ್ಕೂ ಜನರ ಪಾಸ್‌ಪೋರ್ಟ್, ವೀಸಾ, ಇನ್ಶೂರೆನ್ಸು, ಎಲ್ಲದರ ಎರಡೆರಡು ಜೆರಾಕ್ಸು ಅದರಲ್ಲಿದೆ. ಪಕ್ಕದಲ್ಲಿ ನಗ್ತಿರೋಳು ಅಕ್ಕ. ಸ್ವಲ್ಪ ದೂರದಲ್ಲಿ, ಕ್ಯಾಮೆರಾ ಕಡೆ ತಿರುಗದೆ ನೀರು ನೋಡ್ತಾ ಇರೋರು ಅಮ್ಮ.

ಸ್ಟೋರಿ ಹಾಕಿದಾಗ ತುಂಬಾ ಜನ ಕೇಳಿದ್ರಿ, ಕ್ರೂಸ್ ಹೇಗಿತ್ತು, ನಾವೂ ಹೋಗಬಹುದಾ ಅಂತ. ಖಂಡಿತ ಹೋಗಿ. ಆದರೆ ನಾನು ಮಾಡಿದ ಒಂದು ತಪ್ಪನ್ನು ಮೊದಲು ಹೇಳಿಬಿಡ್ತೀನಿ.

ಅಕ್ಕ ಹ್ಯಾಂಬರ್ಗ್‌ನಲ್ಲಿ ಕೆಲಸದಲ್ಲಿದ್ದಾಳೆ. ದಸರಾ ರಜೆಗೆ ಎಲ್ಲರನ್ನೂ ಕರೆಸಿಕೊಂಡು ಕೀಲ್, ಕೋಪನ್‌ಹೇಗನ್, ಬರ್ಗೆನ್ ಸುತ್ತಿಸಬೇಕು ಅನ್ನೋದು ಅವಳ ಆಸೆ. ದುಡ್ಡು ಅವಳದ್ದು, ಬುಕಿಂಗ್ ಕೆಲಸ ನನ್ನದು. ದಾವಣಗೆರೆಯ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಹಡಗಿನ ನಕ್ಷೆ ತೋರಿಸಿದಾಗ ಅಮ್ಮ ಅದರ ಹೊಟ್ಟೆಯ ಮೇಲೆ ಬೆರಳಿಟ್ಟು, "ಇಲ್ಲಿ ತಗೋ ಮಗಾ. ನಡುವೆ, ಆದಷ್ಟು ಕೆಳಗೆ" ಅಂದ್ರು.

ಕೆಳಗಿನ ರೂಮುಗಳು ಅಗ್ಗ. ಅಮ್ಮ ದುಡ್ಡು ಉಳಿಸೋಕೆ ನೋಡ್ತಿದ್ದಾರೆ ಅಂದುಕೊಂಡೆ. "ನಿಂಗೆ ಗೊತ್ತಾಗಲ್ಲ, ಸುಮ್ನಿರಮ್ಮ" ಅಂದು ಹನ್ನೆರಡನೇ ಡೆಕ್ಕು, ಹಡಗಿನ ಮುಂದಿನ ತುದಿ, ಬಾಲ್ಕನಿ ಇರೋ ಎರಡು ರೂಮು ಬುಕ್ ಮಾಡಿದೆ. ಅಪ್ಪನೂ "ವ್ಯೂ ಮುಖ್ಯ" ಅಂದ್ರು. ಅಮ್ಮ ಎದ್ದು ಒಳಗೆ ಹೋದ್ರು.

2/6

ಕೋಪನ್‌ಹೇಗನ್. ಬಂಡೆಯ ಮೇಲೆ ಕೂತಿರೋ ಮತ್ಸ್ಯಕನ್ಯೆಯನ್ನು ನೋಡಿ ಅಪ್ಪ, "ಇಷ್ಟೇನಾ?" ಅಂದ್ರು. 1913ರಿಂದ ಅಲ್ಲೇ ಕೂತಿದ್ದಾಳೆ, ಎತ್ತರ ಬರೀ 1.25 ಮೀಟರ್. ನೋಡೋಕೆ ನಿಂತ ಜನ ಮಾತ್ರ ಜಾತ್ರೆ.

ನನಗೆ ಇಷ್ಟವಾಗಿದ್ದು ಹಡಗು ಹೊರಟ ಮೇಲೆ ಸಂಜೆ ಕಂಡ ಜಾಗ, ಹೆಲ್ಸಿಂಗೋರ್. ಅಲ್ಲಿ ಡೆನ್ಮಾರ್ಕ್‌ಗೂ ಸ್ವೀಡನ್‌ಗೂ ಮಧ್ಯೆ ಸಮುದ್ರದ ಅಗಲ ನಾಲ್ಕೇ ಕಿಲೋಮೀಟರ್. ದಡದಲ್ಲಿರೋದು ಕ್ರೋನ್‌ಬೋರ್ಗ್ ಕೋಟೆ, ಶೇಕ್ಸ್‌ಪಿಯರ್‌ನ ಹ್ಯಾಮ್ಲೆಟ್ ನಡೆಯೋ ಜಾಗ. ಆದರೆ ಬಿಕಾಂ ಓದೋರಿಗೆ ಅದರ ಇನ್ನೊಂದು ಕಥೆ ಚೆಂದ. 1429ರಿಂದ 1857ರವರೆಗೆ ಡೆನ್ಮಾರ್ಕ್‌ನ ರಾಜರು ಇಲ್ಲಿ ದಾಟುವ ಹಡಗುಗಳಿಂದ ಸುಂಕ ವಸೂಲಿ ಮಾಡ್ತಿದ್ರು. ಮುಂದೆ ಅದನ್ನು ಸರಕಿನ ಬೆಲೆಯ ಮೇಲೆ ಲೆಕ್ಕ ಹಾಕೋಕೆ ಶುರು ಮಾಡಿದ್ರು. ಬೆಲೆ ಹೇಳಬೇಕಾದೋನು ಹಡಗಿನ ಕ್ಯಾಪ್ಟನ್ನೇ. ಸುಳ್ಳು ಹೇಳಿದ್ರೆ? ಅದಕ್ಕೊಂದು ಉಪಾಯ ಇತ್ತು. ಕ್ಯಾಪ್ಟನ್ ಹೇಳಿದ ಬೆಲೆಗೇ ಪೂರ್ತಿ ಸರಕನ್ನು ಕೊಂಡುಕೊಳ್ಳೋ ಹಕ್ಕು ರಾಜನಿಗಿತ್ತು. ಕಡಿಮೆ ಹೇಳಿದೋನು ತಾನೇ ಮುಳುಗ್ತಿದ್ದ.

ಅಪ್ಪನಿಗೆ ಇದು ಎಷ್ಟು ಹಿಡಿಸಿತು ಅಂದ್ರೆ ಊಟಕ್ಕೆ ಹೋಗೋವರೆಗೂ ಅದನ್ನೇ ಹೇಳಿಕೊಂಡು ನಗ್ತಿದ್ರು. ಅಷ್ಟರಲ್ಲಿ ಸ್ಪೀಕರಿನಲ್ಲಿ ಕ್ಯಾಪ್ಟನ್ ದನಿ ಬಂತು. ರಾತ್ರಿ ಗಾಳಿ ಜೋರಾಗುತ್ತೆ, ಹೊರಗಿನ ಡೆಕ್ಕುಗಳನ್ನು ಮುಚ್ಚುತ್ತೇವೆ, ಓಡಾಡುವಾಗ ಕಂಬಿ ಹಿಡಿದುಕೊಳ್ಳಿ.

ಅಮ್ಮ ಊಟ ಅರ್ಧಕ್ಕೇ ನಿಲ್ಲಿಸಿ, "ಯಾರೂ ಹೊಟ್ಟೆ ತುಂಬಾ ತಿನ್ನಬೇಡಿ" ಅಂದ್ರು. ನಾನು ಎರಡನೇ ಸಲ ಐಸ್‌ಕ್ರೀಮ್ ತಂದೆ.

3/6

ಈ ಸ್ಲೈಡಿನಲ್ಲಿ ಫೋಟೋ ಇಲ್ಲ. ತೆಗೆಯೋ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಡೆನ್ಮಾರ್ಕ್‌ನ ಉತ್ತರದ ತುದಿ ಸ್ಕಾಗೆನ್. ಅಲ್ಲಿ ಕಟ್ಟೆಗಾಟ್, ಸ್ಕಾಗರಾಕ್ ಅನ್ನೋ ಎರಡು ಸಮುದ್ರಗಳು ಸೇರ್ತವೆ. ಈ ಸುತ್ತು ತಪ್ಪಲಿ ಅಂತಲೇ ಜರ್ಮನ್ನರು ಸುಮಾರು 98 ಕಿಲೋಮೀಟರ್ ಉದ್ದದ ಕೀಲ್ ಕಾಲುವೆ ತೋಡಿ 1895ರಲ್ಲಿ ತೆರೆದರು. ನಾವು ಹೊರಟಿದ್ದು ನಾರ್ವೆಗೆ, ಅದೇ ಸುತ್ತಿನ ದಾರಿಯಲ್ಲಿ.

ರಾತ್ರಿ ಮೂರು ಗಂಟೆ ಇರಬೇಕು. ಮಂಚ ನನ್ನನ್ನು ಮೇಲಕ್ಕೆತ್ತಿ ಕೈಬಿಟ್ಟ ಹಾಗಾಯ್ತು. ಆಮೇಲೆ ಕೆಳಗಿನಿಂದ ಧಡ್ ಅಂತ ಶಬ್ದ, ಇಡೀ ರೂಮು ನಡುಗಿತು. ಟೇಬಲ್ ಮೇಲಿದ್ದ ನೀರಿನ ಬಾಟಲಿ ಬಾಗಿಲವರೆಗೂ ಉರುಳಿ ಹೋಗಿ ವಾಪಸ್ ಬಂತು. ಅಕ್ಕ ಬಾತ್‌ರೂಮಿನಿಂದ ಹೊರಗೇ ಬರಲಿಲ್ಲ. ನಾನು ತಿಂದ ಎರಡು ಐಸ್‌ಕ್ರೀಮಿನ ಗತಿ ನಿಮಗೆ ಹೇಳಬೇಕಾಗಿಲ್ಲ.

ಹೇಗೋ ಗೋಡೆ ಹಿಡ್ಕೊಂಡು ಪಕ್ಕದ ರೂಮಿಗೆ ಹೋದೆ. ಅಪ್ಪ ಲೈಫ್ ಜಾಕೆಟ್ ಹಾಕ್ಕೊಂಡು, ತೊಡೆ ಮೇಲೆ ಫೈಲ್ ಇಟ್ಕೊಂಡು ಕೂತಿದ್ರು. ಮುಖ ಬೆಳ್ಳಗಾಗಿತ್ತು. ಮನೆಯಲ್ಲಿ ಗೀಸರ್ ಕೆಟ್ಟರೂ, ಯಾರಿಗಾದ್ರೂ ಜ್ವರ ಬಂದರೂ "ನಾನಿದ್ದೀನಿ, ಬಿಡಿ" ಅನ್ನೋ ಅಪ್ಪ, ಮಾತೇ ಆಡಲಿಲ್ಲ.

ಅಮ್ಮ ಕಂಬಳಿ ಮಡಚ್ತಾ ಇದ್ರು. "ಎಂತದೂ ಆತಿಲ್ಲೆ" ಅಂದ್ರು. ದಾವಣಗೆರೆಯಲ್ಲಿ ಇಪ್ಪತ್ತಾರು ವರ್ಷ ಇದ್ದು ಮರೆತೇ ಹೋಗಿದೆ ಅಂದುಕೊಂಡಿದ್ದ ಕುಂದಾಪ್ರ ಕನ್ನಡ. "ಎಲ್ಲಾ ಎದ್ದೇಳಿ. ಕೆಳಗೆ ಹೋಗಣ, ನಡುವಿಗೆ."

4/6

ಐದನೇ ಡೆಕ್ಕಿನ ನಡುವೆ, ರಿಸೆಪ್ಶನ್ ಪಕ್ಕದ ಹಾಲ್. ಮೆಟ್ಟಿಲ ಕಂಬಿಗಳಿಗೆಲ್ಲ ವಾಂತಿ ಕವರ್ ಸಿಕ್ಕಿಸಿದ್ರು. ಅಲ್ಲಿ ಕೂತ ಹತ್ತೇ ನಿಮಿಷಕ್ಕೆ ವ್ಯತ್ಯಾಸ ಗೊತ್ತಾಯ್ತು. ಪಾರ್ಕಿನಲ್ಲಿ ಮಕ್ಕಳು ಆಡೋ ಏರಿಳಿಯುವ ಹಲಗೆ ನೆನಪಿಸಿಕೊಳ್ಳಿ. ತುದಿಯಲ್ಲಿ ಕೂತೋನು ಆಕಾಶ ಪಾತಾಳ ನೋಡ್ತಾನೆ, ನಡುವೆ ನಿಂತೋನು ಅಲ್ಲೇ ಇರ್ತಾನೆ. ಹಡಗೂ ಅಷ್ಟೇ. ಅದರ ಎರಡೂ ಪಕ್ಕ ನೀರೊಳಗೆ ಮೀನಿನ ರೆಕ್ಕೆಯಂಥ ಸ್ಟೆಬಿಲೈಸರ್ ಇರುತ್ತೆ. ಅದು ಎಡಬಲಕ್ಕೆ ಹೊರಳೋದನ್ನು ತಡೆಯುತ್ತೆ, ಮೂತಿ ಎದ್ದು ಬೀಳೋದಕ್ಕೆ ಅದರಿಂದ ಹೆಚ್ಚೇನೂ ಆಗಲ್ಲ. ನಾನು ಜಾಸ್ತಿ ದುಡ್ಡು ಕೊಟ್ಟು ಕೊಂಡಿದ್ದು ಆ ಮೂತಿಯನ್ನೇ.

ಅಮ್ಮ ಒಣಶುಂಠಿ, ಉಪ್ಪು ಕೈಗೆ ಕೊಟ್ರು. "ಎದುರಿನ ಗೋಡೆ ನೋಡಬೇಡ, ಕಣ್ಣು ಮುಚ್ಚು. ಬೆಳಕಾದ ಮೇಲೆ ಕಿಟಕಿಯಿಂದ ನೀರು ಆಕಾಶ ಸೇರೋ ಗೆರೆ ನೋಡು" ಅಂದ್ರು. ಕಿವಿಯೊಳಗೆ ಅಲ್ಲಾಟ ಗೊತ್ತಾಗುತ್ತೆ, ಕಣ್ಣಿಗೆ ಗೋಡೆ ಅಲ್ಲಾಡದ ಹಾಗೆ ಕಾಣುತ್ತೆ, ಎರಡಕ್ಕೂ ಹೊಂದಿಕೆಯಾಗದೇ ವಾಂತಿ ಬರೋದು ಅಂತ ನಾನು ಆಮೇಲೆ ಓದಿ ತಿಳ್ಕೊಂಡೆ. ಅಮ್ಮ ಓದಿರಲಿಲ್ಲ.

"ಕ್ಯಾಪ್ಟನ್ ಒಳ್ಳೆಯವ್ನು," ಅಂದ್ರು. "ಅಲೆಗೆ ಮೂತಿ ಕೊಟ್ಟಿದ್ದಾನೆ, ಪಕ್ಕೆ ಕೊಟ್ಟಿಲ್ಲ. ಪಕ್ಕೆ ಕೊಟ್ರೆ ಹೆದರಬೇಕು."

ಆಮೇಲೆ ನಾವ್ಯಾರೂ ಕೇಳದೇ ಅಮ್ಮ ಹೇಳಿದ್ರು. ಅವರ ತವರು ಗಂಗೊಳ್ಳಿ. ಅಜ್ಜನದು ನಾಡದೋಣಿ. ಅಮ್ಮನಿಗೆ ಹನ್ನೊಂದು ವರ್ಷ ಇದ್ದಾಗ, ಮಳೆಗಾಲ ಮುಗಿದು ದೋಣಿಗಳು ಇಳಿದ ಹೊಸತು. ಹೊಳೆ ಕಡಲು ಸೇರೋ ಅಳಿವೆಯಲ್ಲಿ ಅಜ್ಜನ ದೋಣಿಯ ಇಂಜಿನ್ ನಿಂತು ದೋಣಿ ಅಡ್ಡ ತಿರುಗಿತಂತೆ. ಪಕ್ಕೆಗೆ ಒಂದೇ ಅಲೆ. ದೋಣಿಯಲ್ಲಿದ್ದೋರು ನಾಲ್ಕು ಜನ, ದಡಕ್ಕೆ ಬಂದೋರು ಮೂರು. ಬಾರದೇ ಇದ್ದೋರು ಚಿಕ್ಕಜ್ಜ. ಅವತ್ತೇ ಅಜ್ಜ, "ಹೆಣ್ಣನ್ನ ಕಡ್ಲ್ ಕಾಣದ್ ಊರಿಗೇ ಕೊಡ್ತೆ" ಅಂದ್ರಂತೆ. ದಾವಣಗೆರೆ ಸಿಕ್ಕಿದ್ದು ಹಾಗೆ.

ಚಿಕ್ಕಜ್ಜ ಸಮುದ್ರದಲ್ಲಿ ತೀರಿಹೋಗಿದ್ದು ಅಪ್ಪನಿಗೆ ಗೊತ್ತಿತ್ತು. ಅಮ್ಮ ದಡದಲ್ಲಿ ನಿಂತು ಅದನ್ನು ನೋಡಿದ್ದು ಗೊತ್ತಿರಲಿಲ್ಲ. ಅಪ್ಪ ನಿಧಾನಕ್ಕೆ ಲೈಫ್ ಜಾಕೆಟ್ ಬಿಚ್ಚಿಟ್ಟು ಅಮ್ಮನ ಪಕ್ಕ ನೆಲದ ಮೇಲೆ ಕೂತ್ರು.

5/6

ಮರುದಿನ ಮಧ್ಯಾಹ್ನದ ಹೊತ್ತಿಗೆ ಕಡಲು ಸುಮ್ಮನಾಯ್ತು. ಅದರ ಮಾರನೇ ದಿನ ಮೂರು ಗಂಟೆ ತಡವಾಗಿ ಬರ್ಗೆನ್ ತಲುಪಿದ್ವಿ. ಮಳೆ. ಅದು ಮಳೆಗೇ ಹೆಸರಾದ ಊರು.

ನೀರಿನಂಚಿಗೆ ಸಾಲಾಗಿ ನಿಂತಿರೋ ಕೆಂಪು ಹಳದಿ ಮರದ ಮನೆಗಳು ಬ್ರಿಗೆನ್. 1702ರ ಬೆಂಕಿಯಲ್ಲಿ ಸುಟ್ಟುಹೋಗಿ ಮತ್ತೆ ಕಟ್ಟಿದ್ದು, 1979ರಿಂದ ವಿಶ್ವ ಪರಂಪರೆಯ ತಾಣ. ಹಾನ್ಸಾ ಅನ್ನೋ ಜರ್ಮನ್ ವರ್ತಕರ ಕೂಟ ಇಲ್ಲಿ ಕೋಠಿ ಇಟ್ಕೊಂಡು ವ್ಯಾಪಾರ ಮಾಡ್ತಿತ್ತು. ಉತ್ತರದ ಕಡಲಿನ ಒಣಮೀನು ಇಲ್ಲಿಂದ ಹೋಗೋದು, ದಕ್ಷಿಣದ ಧಾನ್ಯ ಇಲ್ಲಿಗೆ ಬರೋದು. ಆ ಕೋಠಿಯ ಲಾಂಛನದಲ್ಲಿ ಅರ್ಧ ಹದ್ದು, ಇನ್ನರ್ಧದಲ್ಲಿ ತಲೆ ಮೇಲೆ ಕಿರೀಟ ಇಟ್ಕೊಂಡ ಒಣಮೀನು.

ಅಮ್ಮನಿಗೆ ಅದನ್ನು ಹೇಳಿದಾಗ ಬಿದ್ದು ಬಿದ್ದು ನಕ್ಕರು. ಯಾಕೆ ಅಂತ ನಮ್ಮನೆಯವರಿಗೆ ಮಾತ್ರ ಗೊತ್ತು. ದಾವಣಗೆರೆಯಲ್ಲಿ ಅಮ್ಮ ಒಣಮೀನು ಹುರಿಯೋದು ಎಲ್ಲಾ ಕಿಟಕಿ ಮುಚ್ಚಿ, ಊದುಬತ್ತಿ ಹಚ್ಚಿಟ್ಟು, ಅಕ್ಕಪಕ್ಕದೋರು ಕೆಲಸಕ್ಕೆ ಹೋದ ಮೇಲೆ.

ಏಳನೇ ಫೋಟೋ ನೋಡಿ, ಮೀನು ಮಾರ್ಕೆಟ್ಟಿನದ್ದು. ಮಂಜುಗಡ್ಡೆ ಮೇಲಿನ ಮೀನು ತೋರಿಸಿ ಅಮ್ಮ, "ನಮ್ ಬಂಗಡೆಯ ಅಣ್ಣನ ಹಾಗಿತ್" ಅಂತಿದ್ದಾರೆ. ಇಡೀ ಟ್ರಿಪ್ಪಿನಲ್ಲಿ ಅಮ್ಮ ಕ್ಯಾಮೆರಾ ನೋಡಿ ನಕ್ಕಿದ್ದು ಇದೊಂದರಲ್ಲೇ.

6/6

ಕೇಳಿದವರಿಗೆಲ್ಲ ಉತ್ತರ. ಈ ಕಡೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ ಹೋಗೋದಾದ್ರೆ ಅಲೆ ಇರುತ್ತೆ ಅಂತಲೇ ಹೋಗಿ. ವಾಂತಿ ಮಾತ್ರೆಯನ್ನು ಡಾಕ್ಟರ್ ಹತ್ರ ಕೇಳಿ ಇಟ್ಕೊಳ್ಳಿ. ಶುರುವಾದ ಮೇಲೆ ತಗೊಂಡ್ರೆ ಪ್ರಯೋಜನ ಕಡಿಮೆ. ರೂಮು ನಡುವೆ, ಕೆಳಗೆ.

ವಾಪಸ್ ಬರುವಾಗ ರೂಮು ಬದಲಾಯಿಸೋಕೆ ನೋಡಿದೆ, ಎಲ್ಲಾ ತುಂಬಿತ್ತು. ಸ್ಕಾಗೆನ್ ದಾಟುವಾಗ ನಾನು ಅಮ್ಮನ ಹತ್ರ ಸಾರಿ ಕೇಳಿದೆ. "ಅಗ್ಗ ಅಂತ ಹೇಳ್ತಿದ್ದೀಯ ಅಂದ್ಕೊಂಡೆ" ಅಂದೆ. ಅಮ್ಮ, "ಅಗ್ಗವೂ ಆಗಿತ್ತಲ್ಲ" ಅಂದ್ರು. ಅಷ್ಟೇ.

ಹೆಲ್ಸಿಂಗೋರ್‌ನ ಸುಂಕದ ಕಥೆ ಹೇಳಿ ನಕ್ಕಿದ್ದೆ. ಅಮ್ಮನ ಮಾತಿಗೆ ಇಷ್ಟು ವರ್ಷ ಕಡಿಮೆ ಬೆಲೆ ಬರೆದಿದ್ದೋಳು ನಾನೇ.

ಊರಿಗೆ ಬಂದ ಮೇಲೆ ಏನೂ ಬದಲಾಗಿಲ್ಲ. ಒಣಮೀನು ಹುರಿಯುವಾಗ ಕಿಟಕಿ ಈಗಲೂ ಮುಚ್ಚುತ್ತಾರೆ. ಆದರೆ ಡಿಸೆಂಬರ್‌ನಲ್ಲಿ ಗಂಗೊಳ್ಳಿಗೆ ಹೋಗ್ತಿದ್ದೀವಿ. ಅಳಿವೆ ನೋಡಬೇಕು ಅಂತ ಹೇಳಿದ್ದು ಅಪ್ಪ. ಘಾಟಿ ಇಳಿಯೋ ರಾತ್ರಿ ಬಸ್ಸು. ಸೀಟು ಬುಕ್ ಮಾಡೋ ಮುಂಚೆ ಈ ಸಲ ಅಮ್ಮನನ್ನೇ ಕೇಳಿದೆ.

ನಡುವೆ ಅಂದ್ರು. ಹಿಂದಿನ ಚಕ್ರದ ಮೇಲೆ ಬೇಡವಂತೆ.