ಗಾಡಿಯೊಳಗೆ ಓವನ್ ಬೇಡ

ಜೈನಾಪುರ

ಪ್ರೀತಿಯ ತಮ್ಮಾ,

ವ್ಯಾನನ್ನು ಕ್ಯಾರವಾನ್ ಮಾಡಿಸಲು ನೀನು ಹಾಕಿಕೊಂಡ ನಕ್ಷೆಯಲ್ಲಿ ಒಲೆಯ ಕೆಳಗೆ ಪುಟ್ಟ ಓವನ್ನಿಗೂ ಜಾಗ ಬಿಟ್ಟಿದ್ದೀಯ. ಅದು ಬೇಡ ಅನ್ನುತ್ತೇನೆ. ನಕ್ಷೆ ಅಮೆರಿಕದ್ದು, ಓಡಾಡುವುದು ನಮ್ಮ ಬಿಸಿಲಲ್ಲಿ. ತಿಕೋಟಾ, ಬಬಲೇಶ್ವರದ ಈ ಸೀಮೆಯವರು ಗಾಲಿಯ ಮೇಲೆ ಸಂಸಾರ ಹೇರಿಕೊಂಡು ಜಾತ್ರೆಗೆ ಹೋಗುವುದನ್ನು ಕ್ಯಾರವಾನಿಗಿಂತ ಎಷ್ಟೋ ಮೊದಲೇ ಕಲಿತವರು. ಸವದತ್ತಿ ಯಲ್ಲಮ್ಮನ ಬನದ ಹುಣ್ಣಿಮೆಗೆ ಹೊರಡುವ ಚಕ್ಕಡಿಯಲ್ಲಿ ಹಾಸಿಗೆ, ಎತ್ತಿನ ಮೇವು, ಬುತ್ತಿಯ ಗಂಟು ಎಲ್ಲಕ್ಕೂ ಜಾಗವಿತ್ತು. ಇಳಿದಲ್ಲಿ ಮೂರು ಕಲ್ಲು ಹೂಡಿದರೆ ಪಲ್ಯ ಬೇಯುತ್ತದೆ. ರೊಟ್ಟಿ ಸುಡುವ ಕೆಲಸ ಮಾತ್ರ ಮನೆಯಲ್ಲೇ ಮುಗಿದಿರುತ್ತದೆ. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ನಡೆದು ಹೋಗುವವರ ಚೀಲದಲ್ಲೂ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಎಳ್ಳಮಾಸಿಗೆ ಹೊಲಕ್ಕೆ ಹೋಗುವ ಬುಟ್ಟಿಯೂ ತುಂಬಿಯೇ ಹೊರಡುತ್ತದೆ.

ಇದು ಬರೀ ರೂಢಿಯಲ್ಲ, ಇದರಲ್ಲಿ ಲೆಕ್ಕವಿದೆ. ಪೇಟೆಯ ಬ್ರೆಡ್ಡಿನ ತೂಕದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ನೀರೇ. ಆದ್ದರಿಂದ ಬೇಗ ಬೂಸ್ಟು ಹಿಡಿಯುತ್ತದೆ, ಮತ್ತೆ ಮತ್ತೆ ಹೊಸದು ಬೇಕಾಗುತ್ತದೆ. ಜೋಳದ ಹಿಟ್ಟಿಗೆ ಗೋಧಿಯ ಅಂಟಿಲ್ಲ. ಅದಕ್ಕೇ ಕುದಿವ ನೀರಲ್ಲಿ ನಾದಿ, ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿ ಬೇಯಿಸುತ್ತಾರೆ. ಆಮೇಲೆ ಸಣ್ಣ ಉರಿಗೆ ತೇವವೆಲ್ಲ ಆರುವ ತನಕ ಬಿಟ್ಟರೆ ಆ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ತಿಕೋಟಾ ಕಡೆಯ ಶೆಡ್ಡುಗಳಲ್ಲಿ ದ್ರಾಕ್ಷಿಯನ್ನು ಒಣದ್ರಾಕ್ಷಿ ಮಾಡುವುದರ ಹಿಂದೆಯೂ ಇದೇ ಯುಕ್ತಿ.

ಈಗ ನಿನ್ನ ಓವನ್. ಗ್ಯಾಸಿನದಾದರೆ ಉರಿ ತಟ್ಟೆಗೆ ತೀರ ಹತ್ತಿರ. ತಳ ಸೀಯುತ್ತದೆ, ಮೇಲುಭಾಗ ಬೆಳ್ಳಗೇ ಉಳಿಯುತ್ತದೆ. ದಪ್ಪ ಕಲ್ಲೊಂದನ್ನು ಒಳಗಿಟ್ಟು, ತಟ್ಟೆಯನ್ನು ನಡುವೆ ತಿರುಗಿಸಿದರೆ ಇದು ಸುಧಾರಿಸುತ್ತದೆ ಎಂಬುದು ನಿಜ. ಆದರೆ ಕಲ್ಲು ಕಾಯಲು ಇನ್ನಷ್ಟು ಗ್ಯಾಸು, ಇನ್ನಷ್ಟು ಹೊತ್ತು. ಕಿಟಕಿ ಮುಚ್ಚಿದ ಗಾಡಿಯಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡಿನ ಅಪಾಯ ಬೇರೆ. ಕರೆಂಟಿನದಾದರೆ 12 ವೋಲ್ಟಿನ, 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವುದೇ ಸುಮಾರು 1,200 ವ್ಯಾಟ್-ಅವರ್. 1,200 ವ್ಯಾಟಿನ ಓವನ್ ಎಡೆಬಿಡದೆ ಉರಿದರೆ ಒಂದೇ ತಾಸಿಗೆ ಅದೆಲ್ಲ ಖಾಲಿ. ಬೇಸಿಗೆಯಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಪೆಟ್ಟಿಗೆಯೊಳಗೆ ಮತ್ತೊಂದು ಕುಲುಮೆ ಯಾಕೆ?

ಚಳಿನಾಡಿನಲ್ಲಿ ಮಾತು ಬೇರೆ, ಒಪ್ಪುತ್ತೇನೆ: ಅಲ್ಲಿ ಕ್ಯಾಂಪಿನ ಅಂಗಳಕ್ಕೇ ಕರೆಂಟು ಬರುತ್ತದೆ, ಊಟ ಬ್ರೆಡ್ಡಿನದು. ಮಕ್ಕಳಿಗೆ ಕೇಕು ಬೇಕಾದರೆ ಏನು ಮಾಡುವುದು ಅನ್ನುತ್ತೀಯಾ? ದಪ್ಪ ತಳದ ಪಾತ್ರೆಗೆ ಉಪ್ಪು ಹರಡಿ, ಮೇಲೆ ಡಬ್ಬಿ ಇಟ್ಟು ಮುಚ್ಚಿದರೆ ಒಂದೇ ಒಲೆಯ ಮೇಲೆ ಆಗುತ್ತದೆ. ಬಿಸಿ ರೊಟ್ಟಿಗಾದರೂ ಬೇಕಾದದ್ದು ಹಂಚು, ಒಲೆ ಅಷ್ಟೇ.

ನನ್ನ ವಾದಕ್ಕೆ ಗಟ್ಟಿ ಆಕ್ಷೇಪ ಬೇರೆಯೇ ಇದೆ. ಚಕ್ಕಡಿಯ ಹಗುರ ಬುತ್ತಿಯ ಹಿಂದೆ ಮನೆಯ ಹೆಂಗಸರು ಹೊಗೆಯಲ್ಲಿ ಕೂತು ಬಡಿದ ರೊಟ್ಟಿಯ ರಾಶಿ ಇತ್ತು. ಗಾಡಿಯ ಸುಖಕ್ಕೆ ರಟ್ಟೆ ನೋಯಿಸಿಕೊಂಡವರು ಅವರು. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಈಗ ಖಡಕ್ ರೊಟ್ಟಿ ಅಂಗಡಿಯಲ್ಲಿ ಸಿಗುತ್ತದೆ, ಮಾಡುವವರಿಗೆ ಅದೊಂದು ದುಡಿಮೆ. ಹಾಗಾಗಿ ಕೊಂಡುಕೋ, ಚೌಕಾಸಿ ಮಾಡಬೇಡ; ನನ್ನ ನಾದಿನಿಯ ತಲೆಗಂತೂ ಕಟ್ಟಬೇಡ.

ಓವನ್ನಿಗೆಂದು ಬಿಟ್ಟ ಜಾಗದಲ್ಲಿ ಬಿಗಿ ಮುಚ್ಚಳದ ರೊಟ್ಟಿ ಡಬ್ಬಿಯೂ ನೀರಿನ ಕ್ಯಾನೂ ಕೂರುವಂತೆ ಮಾಡಿಸು. ಬಡಗಿ ಹಲಗೆ ಕೊಯ್ಯುವ ಮೊದಲೇ ಈ ಕಾಗದ ಓದಿಬಿಡು.

ನಿನ್ನ ಅಕ್ಕ