ಎರಡು ನದಿಗಳ ತವರಿನಲ್ಲಿ ಒಂದು ನಡಿಗೆ

ಮಕ್ಕಳನ್ನು ಕರೆದುಕೊಂಡು ಎಲ್ಲಿಗೆ ಹೋಗುವುದು? ಭಾನುವಾರ ಹತ್ತಿರವಾದಂತೆ ಬೆಂಗಳೂರು, ತುಮಕೂರಿನ ಮನೆಗಳಲ್ಲಿ ಏಳುವ ಪ್ರಶ್ನೆ ಇದು. ಮಲೆನಾಡು ದೂರ. ಕುದುರೆಮುಖ, ಕೊಡಚಾದ್ರಿಗಳ ಏರು ಅಜ್ಜಿಯ ಮಂಡಿಗೂ ಆರು ವರ್ಷದ ಮೊಮ್ಮಗನ ಕಾಲಿಗೂ ಹೇಳಿದ್ದಲ್ಲ. ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕಿದರೆ ಕಾಡು ನೋಡಿದಂತಾಗುವುದಿಲ್ಲ. ಇಂಥವರಿಗೆಂದೇ ಇದ್ದಂತಿದೆ ದೇವರಾಯನದುರ್ಗ. ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್, ತುಮಕೂರಿನಿಂದ ಸುಮಾರು 15 ಕಿಲೋಮೀಟರ್. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು.

ಬಯಲುಸೀಮೆಯ ನಡುವೆ ಒಂದಕ್ಕೊಂದು ಒರಗಿಕೊಂಡು ಕುಳಿತ ಗುಡ್ಡಗಳ ಸಾಲು ಇದು. ಕೆಳಗೆ ತೋಟ, ಹೊಲ, ಕೆರೆ. ಮಧ್ಯದಲ್ಲಿ ಕುರುಚಲು ಮತ್ತು ಎಲೆ ಉದುರಿಸುವ ಕಾಡು. ಮೇಲೆ ಹುಲ್ಲು, ಬಂಡೆ, ಗಾಳಿ. ದುರ್ಗದ ಎತ್ತರ ಸಮುದ್ರ ಮಟ್ಟದಿಂದ ಸುಮಾರು 1,200 ಮೀಟರ್. ತುಮಕೂರಿನ ಬಿಸಿಲಿನಿಂದ ಬಂದವರಿಗೆ ಇಲ್ಲಿಯ ಗಾಳಿಯೇ ಮೊದಲ ಸ್ವಾಗತ.

ನಾಮದ ಚಿಲುಮೆಯಿಂದ ಶುರು

ತುಮಕೂರಿನ ಕಡೆಯಿಂದ ಬರುವವರಿಗೆ ಮೊದಲು ಸಿಗುವುದು ನಾಮದ ಚಿಲುಮೆ. ನಡೆಯುವವರು ಇಲ್ಲಿಂದಲೇ ಹೊರಡುವುದು ಒಳ್ಳೆಯದು. ವನವಾಸದಲ್ಲಿದ್ದ ಶ್ರೀರಾಮ ಈ ಕಾಡಿಗೆ ಬಂದನಂತೆ. ಹಣೆಗೆ ನಾಮ ಇಟ್ಟುಕೊಳ್ಳಲು ಹತ್ತಿರದಲ್ಲೆಲ್ಲೂ ನೀರಿಲ್ಲ. ಬಾಣ ಬಿಟ್ಟ, ಬಂಡೆ ಸೀಳಿತು, ನೀರು ಚಿಮ್ಮಿತು. ಹೀಗೆ ಬಂದ ಹೆಸರು ನಾಮದ ಚಿಲುಮೆ. ಕಥೆ ಕೇಳಿ ದೊಡ್ಡ ಝರಿಯನ್ನು ನಿರೀಕ್ಷಿಸುವ ಮಕ್ಕಳಿಗೆ ಮೊದಲು ಸ್ವಲ್ಪ ನಿರಾಸೆ. ಕಾಣುವುದು ಬಂಡೆಯಲ್ಲೊಂದು ಪುಟ್ಟ ಕುಳಿ, ಅದರಲ್ಲಿ ನೀರು. ಆದರೆ ಸುತ್ತಲ ಹೊಲಗಳು ಬಿರುಕು ಬಿಟ್ಟಿರುವ ಬೇಸಿಗೆಯಲ್ಲೂ ಇಲ್ಲಿ ನೀರು ಇರುತ್ತದೆ ಎಂದು ಹೇಳಿದಾಗ ಅವೇ ಮಕ್ಕಳು ಮತ್ತೊಮ್ಮೆ ಬಗ್ಗಿ ನೋಡುತ್ತಾರೆ.

ಪಕ್ಕದಲ್ಲೇ ಜಿಂಕೆವನ. ಬೇಲಿಯಾಚೆ ಕಿವಿ ನಿಮಿರಿಸಿ ನಿಂತ ಜಿಂಕೆಗಳನ್ನು ಬಿಟ್ಟು ಬರಲು ಮಕ್ಕಳಿಗೆ ಮನಸ್ಸಾಗುವುದಿಲ್ಲ. ಆದರೂ ಎಬ್ಬಿಸಿಕೊಂಡು ಹೊರಡಬೇಕು. ಬಿಸಿಲೇರುವ ಮುನ್ನ ನಡೆದರೇ ಚೆಂದ.

ಮರಗಳ ಪರಿಚಯ

ಚಿಲುಮೆಯಿಂದ ದುರ್ಗಕ್ಕೆ ಐದಾರು ಕಿಲೋಮೀಟರ್ ರಸ್ತೆ. ಎರಡೂ ಬದಿಗೆ ಕಾಡು. ಏರು ಇದೆ, ಆದರೆ ಏದುಸಿರು ಬಿಡಿಸುವಂಥದ್ದಲ್ಲ. ಅಜ್ಜ ಅಜ್ಜಿಯರು ನಡೆಯಲಾರೆವೆಂದರೆ ಅವರನ್ನು ವಾಹನದಲ್ಲಿ ಮುಂದೆ ಕಳಿಸಿ ಉಳಿದವರು ನಡೆಯಬಹುದು. ಭಾನುವಾರ ಹತ್ತು ಗಂಟೆಯ ನಂತರ ವಾಹನಗಳ ಓಡಾಟ ಹೆಚ್ಚು. ಬೆಳಗಿನ ಹೊತ್ತಿನಲ್ಲಾದರೆ ಕಿವಿಗೆ ಬೀಳುವುದು ಹಕ್ಕಿಗಳ ದನಿ, ಎಲ್ಲೋ ದೂರದಲ್ಲಿ ನವಿಲಿನ ಕೂಗು.

ಇದು ಮಲೆನಾಡಿನ ಕಾಡಲ್ಲ. ಆಕಾಶ ಮುಚ್ಚುವ ಮರಗಳಿಲ್ಲ. ದಿಂಡಿಗ, ಜಾಲರಿ, ಕಕ್ಕೆ, ಮುತ್ತುಗ, ನೆಲ್ಲಿ, ನಡುನಡುವೆ ಶ್ರೀಗಂಧದ ಗಿಡ. ಕಾರೆ, ಕವಳಿಯಂಥ ಮುಳ್ಳಿನ ಪೊದೆಗಳು. ಜಾಗ ಸಿಕ್ಕಲ್ಲೆಲ್ಲ ನುಗ್ಗಿಕೊಂಡ ಲಾಂಟಾನ. ಮಾಘ ಕಳೆಯುವ ಹೊತ್ತಿಗೆ ಎಲೆಗಳೆಲ್ಲ ಉದುರಿ ಕಾಡು ಸತ್ತೇಹೋಯಿತು ಅನ್ನಿಸುತ್ತದೆ. ಅದೇ ಸಮಯಕ್ಕೆ ಮುತ್ತುಗದ ಬರಿಗೊಂಬೆಯಲ್ಲಿ ಕೆಂಡದ ಬಣ್ಣದ ಹೂವು. ಬೇಸಿಗೆ ಏರಿದಂತೆ ಕಕ್ಕೆಯ ಹಳದಿ ಗೊಂಚಲು. ಮುಂಗಾರಿನ ಎರಡು ಮಳೆ ಬಿದ್ದರೆ ಸಾಕು, ಹದಿನೈದು ದಿನಗಳಲ್ಲಿ ಗುರುತೇ ಸಿಗದಂತೆ ಹಸಿರು.

ಹಳ್ಳಿಯಿಂದ ನಗರಕ್ಕೆ ಹೋದ ಅಜ್ಜ ಅಜ್ಜಿಯರ ನಿಜವಾದ ಮಹತ್ವ ತಿಳಿಯುವುದು ಈ ದಾರಿಯಲ್ಲೇ. ನಗರದ ಮನೆಯಲ್ಲಿ ಟಿ.ವಿ.ಯ ಮುಂದೆ ಸುಮ್ಮನೆ ಕೂರುವ ಹಿರಿಯರು ಇಲ್ಲಿ ಇದ್ದಕ್ಕಿದ್ದಂತೆ ಮೇಷ್ಟರಾಗುತ್ತಾರೆ. ಈ ಎಲೆಯಲ್ಲಿ ಊಟದ ಎಲೆ ಹಚ್ಚುತ್ತಿದ್ದೆವು, ಕವಳಿ ಹಣ್ಣು ತಿಂದರೆ ತುಟಿ ಅಂಟುತ್ತದೆ, ನೆಲ್ಲಿಕಾಯಿ ತಿಂದು ನೀರು ಕುಡಿ ನೋಡು, ಸಿಹಿಯಾಗುತ್ತದೆ. ಮೊಮ್ಮಕ್ಕಳು ಬಾಯಿ ಬಿಟ್ಟು ಕೇಳುತ್ತಾರೆ. ಪುಸ್ತಕದಲ್ಲಿ ಓದಿ ಮರೆತ ಹೆಸರುಗಳು ಇಲ್ಲಿ ಬಾಯಿಗೂ ನಾಲಿಗೆಗೂ ಹತ್ತುತ್ತವೆ.

ಹಕ್ಕಿ ನೋಡುವ ಹವ್ಯಾಸದವರು ಈ ಗುಡ್ಡಗಳಿಗೆ ಮತ್ತೆ ಮತ್ತೆ ಬರುವುದು ಹಳದಿ ಕೊರಳಿನ ಪಿಕಳಾರವನ್ನು ಹುಡುಕಿಕೊಂಡು. ದಕ್ಷಿಣ ಭಾರತದ ಕಲ್ಲುಗುಡ್ಡಗಳ ಕುರುಚಲಿನಲ್ಲಿ ಮಾತ್ರ ಬದುಕುವ ಅಪರೂಪದ ಹಕ್ಕಿ ಇದು. ಬಂಡೆಗಳ ಸಂದಿಯ ಪೊದೆ ಬಿಟ್ಟು ಬಯಲಿಗೆ ಬರುವುದೇ ಕಡಿಮೆ. ಮಕ್ಕಳ ಗಲಾಟೆಗೆ ಅದು ಕಾಣಿಸಿಕೊಳ್ಳುವ ಭರವಸೆಯಿಲ್ಲ. ಐದು ನಿಮಿಷ ಸುಮ್ಮನೆ ನಿಲ್ಲುವುದನ್ನು ಕಲಿಸಲು ಮಾತ್ರ ಒಳ್ಳೆಯ ನೆಪ.

ದುರ್ಗದ ಮೇಲೆ

ಊರಿನ ಬುಡದಲ್ಲಿ ಭೋಗ ನರಸಿಂಹ, ಬೆಟ್ಟದ ಮೇಲೆ ಯೋಗ ನರಸಿಂಹ. ಹೀಗೆ ಒಬ್ಬನೇ ಸ್ವಾಮಿ ಎರಡು ಭಾವದಲ್ಲಿ ನೆಲೆಸಿದ ಕ್ಷೇತ್ರ ಇದು. ಕರಿಗಿರಿ ಎಂದೂ ಕರೆಯುತ್ತಾರೆ. ಫಾಲ್ಗುಣದಲ್ಲಿ ರಥೋತ್ಸವ ನಡೆಯುತ್ತದೆ. ಜಡಕ ಎಂಬ ಪಾಳೆಯಗಾರನ ವಶದಲ್ಲಿದ್ದುದರಿಂದ ಹಿಂದೆ ಇದು ಜಡಕನ ದುರ್ಗವಾಗಿತ್ತಂತೆ. 1673ರಿಂದ 1704ರವರೆಗೆ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರು ಇದನ್ನು ಗೆದ್ದ ಮೇಲೆ ದೇವರಾಯನದುರ್ಗವಾಯಿತು.

ಮೇಲಿನ ಗುಡಿಯ ಹತ್ತಿರದವರೆಗೆ ವಾಹನ ಹೋಗುವ ರಸ್ತೆಯಿದೆ. ಆದರೂ ಕೊನೆಯ ಏರನ್ನು ನಡೆದೇ ಹತ್ತಿದವರಿಗೆ ಮೇಲಿನ ಗಾಳಿ ಇನ್ನಷ್ಟು ತಂಪು. ಇಲ್ಲಿ ನಿಂತರೆ ಅಲೆ ಅಲೆಯಾಗಿ ಹರಡಿದ ಗುಡ್ಡಗಳು, ಅವುಗಳ ಮೇಲೆ ಗಾಳಿಗೆ ಮಲಗಿ ಏಳುವ ಬಾದೆ ಹುಲ್ಲು, ಕೆಳಗೆ ಕನ್ನಡಿ ಚೂರುಗಳಂತೆ ಕೆರೆಗಳು. ಆಕಾಶ ತಿಳಿಯಾಗಿದ್ದರೆ ದಕ್ಷಿಣಕ್ಕೆ ಶಿವಗಂಗೆಯ ಬೆಟ್ಟ.

ಮಕ್ಕಳಿಗೆ ಹೇಳಬೇಕಾದ ನಿಜವಾದ ಕಥೆ ಇರುವುದೂ ಇಲ್ಲೇ. ಈ ಗುಡ್ಡಗಳು ಎರಡು ನದಿಗಳ ತವರು. ಒಂದು ಜಯಮಂಗಲಿ. ಅದು ಉತ್ತರಕ್ಕೆ ಮುಖ ಮಾಡಿ ಕೊರಟಗೆರೆ, ಮಧುಗಿರಿಯ ಕಡೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಇನ್ನೊಂದು ಶಿಂಷಾ. ಅದು ದಕ್ಷಿಣಕ್ಕೆ ಇಳಿದು, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ತುಂಬಿಸಿ, ಮದ್ದೂರಿನ ಸೀಮೆ ಹಾಯ್ದು ಕಾವೇರಿಯಲ್ಲಿ ಒಂದಾಗುತ್ತದೆ. ಹೆಜ್ಜಾರ್ಲೆಗಳಿಗೆ ಹೆಸರಾದ ಕೊಕ್ಕರೆ ಬೆಳ್ಳೂರು ಇರುವುದು ಇದೇ ಶಿಂಷೆಯ ಬಳಿ. ಇಲ್ಲಿಯ ಒಂದು ಇಳಿಜಾರಿನಲ್ಲಿ ಬಿದ್ದ ಹನಿ ನೆಲ್ಲೂರಿನ ಕಡೆಯಿಂದ ಸಮುದ್ರ ಸೇರಿದರೆ, ಇನ್ನೊಂದು ಇಳಿಜಾರಿನಲ್ಲಿ ಬಿದ್ದದ್ದು ತಮಿಳುನಾಡಿನ ಪೂಂಪುಹಾರಿನ ದಾರಿ ಹಿಡಿಯುತ್ತದೆ. ಕೊನೆಗೆ ಎರಡಕ್ಕೂ ಬಂಗಾಳ ಕೊಲ್ಲಿಯೇ ಗತಿ. ಆದರೆ ಅಷ್ಟರಲ್ಲಿ ಅವುಗಳ ನಡುವೆ ಮುನ್ನೂರು ಕಿಲೋಮೀಟರಿಗೂ ಮಿಕ್ಕ ಅಂತರ.

"ಹಾಗಾದರೆ ನದಿ ಎಲ್ಲಜ್ಜಿ?" ಎಂದು ಕೇಳದ ಮಕ್ಕಳಿಲ್ಲ. ಕಣ್ಣಿಗೆ ಕಾಣುವುದು ಒದ್ದೆ ಬಂಡೆ, ತೊಟ್ಟಿಕ್ಕುವ ಒಂದು ಸೆಲೆ, ಒಂದು ಕೊರಕಲು. "ಇದೇ ಕಣೋ, ಇನ್ನೂ ಕೂಸು. ಕೆಳಗೆ ಹೋಗಿ ದೊಡ್ಡವಳಾಗ್ತಾಳೆ" ಅನ್ನುವುದೇ ಇದಕ್ಕೆ ತಕ್ಕ ಉತ್ತರ.

ಕೂಸು ಬಡವಾಗದಿರಲಿ

ಆದರೆ ಈ ಕೂಸು ಎಲ್ಲ ವರ್ಷವೂ ದೊಡ್ಡವಳಾಗುವುದಿಲ್ಲ. ಮಳೆ ಕೈಕೊಟ್ಟ ವರ್ಷ ಜಯಮಂಗಲಿಯ ಪಾತ್ರ ಬರಿಯ ಮರಳು. ತುಮಕೂರು ಜಿಲ್ಲೆಗೆ ಬರ ಹೊಸದಲ್ಲ. ಮಳೆ ತರಿಸುವುದು ಮನುಷ್ಯನ ಕೈಯಲ್ಲಿಲ್ಲ, ಬಿದ್ದ ಮಳೆ ಗುಡ್ಡದಲ್ಲಿ ಉಳಿಯುವಂತೆ ನೋಡಿಕೊಳ್ಳುವುದು ಸಾಧ್ಯ. ಬಾದೆ ಹುಲ್ಲಿನ ಬೇರು, ಉದುರಿದ ತರಗೆಲೆ, ಪೊದೆಗಳ ಬುಡ, ಇವೇ ಓಡುವ ನೀರನ್ನು ಹಿಡಿದು ನಿಲ್ಲಿಸಿ ಬಂಡೆಯ ಬಿರುಕಿಗೆ ಇಳಿಸುತ್ತವೆ. ಹಾಗೆ ಇಳಿದ ನೀರೇ ತಿಂಗಳುಗಳ ನಂತರ ಸೆಲೆಯಾಗಿ ಬರುವುದು.

ಇದಕ್ಕೆ ದೊಡ್ಡ ಶತ್ರು ಬೇಸಿಗೆಯ ಬೆಂಕಿ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಬಾದೆ ಹುಲ್ಲು ಒಣಗಿ ಬೆಂಕಿಪೊಟ್ಟಣದಂತೆ ಕಾದಿರುತ್ತದೆ. ಆರಿಸದೆ ಎಸೆದ ಒಂದು ಬೀಡಿ ತುಂಡು, ಅಡುಗೆ ಮಾಡಿ ಬಿಟ್ಟುಹೋದ ಮೂರು ಕಲ್ಲಿನ ಒಲೆ ಸಾಕು, ಗುಡ್ಡಕ್ಕೆ ಗುಡ್ಡವೇ ಕಪ್ಪಾಗುತ್ತದೆ. ಗಟ್ಟಿಯಾದ ಬರಿನೆಲದ ಮೇಲೆ ಬಿದ್ದ ಮೊದಲ ಮಳೆ ನಿಲ್ಲುವುದಿಲ್ಲ, ಬೂದಿಯನ್ನೂ ಮಣ್ಣನ್ನೂ ಹೊತ್ತು ಕೆಳಗೋಡುತ್ತದೆ. ಅರಣ್ಯ ಸಿಬ್ಬಂದಿ ಬೆಂಕಿರೇಖೆ ಸವರಿ ಕಾಯುತ್ತಾರೆ. ನೋಡಲು ಬರುವವರ ಕೈಯಲ್ಲಿ ಎಚ್ಚರವಿಲ್ಲದಿದ್ದರೆ ಆ ಕಾವಲು ಎಷ್ಟೆಂದು ನಡೆದೀತು?

ಇನ್ನೊಂದು ಕಾಟ ಪ್ಲಾಸ್ಟಿಕ್ಕಿನದು. ಅದಕ್ಕೆ ಜೊತೆಯಾಗಿರುವುದು ಕೋತಿಗಳಿಗೆ ತಿಂಡಿ ಹಾಕುವ ಚಪಲ. ಚಿಪ್ಸಿನ ರುಚಿ ಕಂಡ ಕೋತಿ ಕಾಡಿನ ಹಣ್ಣು ಹುಡುಕುವುದನ್ನು ಬಿಟ್ಟು ಬ್ಯಾಗು ಕಸಿಯಲು ನಿಲ್ಲುತ್ತದೆ. ತಪ್ಪು ಕೋತಿಯದಲ್ಲ. ಕೋತಿಗೆ ಬಾಳೆಹಣ್ಣು ಕೊಡಬೇಕೆಂದು ಹಟ ಹಿಡಿದ ಮಗುವಿಗೆ ಕೊಡದಿರುವುದು ಯಾಕೆಂದು ತಿಳಿಸಿ ಹೇಳಿದರೆ ಅದೂ ಆ ದಿನದ ಒಂದು ಪಾಠ.

ಹೋಗುವವರಿಗೆ

ತುಮಕೂರಿನಿಂದ ನಾಮದ ಚಿಲುಮೆಯ ಮೂಲಕ ಒಂದು ದಾರಿ. ಬೆಂಗಳೂರು-ತುಮಕೂರು ಹೆದ್ದಾರಿಯ ದಾಬಸ್‌ಪೇಟೆಯಲ್ಲಿ ತಿರುಗಿ ಊರ್ಡಿಗೆರೆಯ ಮೂಲಕ ಇನ್ನೊಂದು. ಸ್ವಂತ ವಾಹನವಿಲ್ಲದವರು ರೈಲಿನಲ್ಲಾಗಲಿ ಬಸ್ಸಿನಲ್ಲಾಗಲಿ ತುಮಕೂರಿಗೆ ಬಂದು ಮುಂದಿನ ಬಸ್ಸಿನ ವೇಳೆ ವಿಚಾರಿಸಿಕೊಳ್ಳುವುದು ಮೇಲು. ಮಳೆಗಾಲ ಮುಗಿದು ಚಳಿ ಶುರುವಾಗುವ ಅಕ್ಟೋಬರ್‌ನಿಂದ ಜನವರಿಯವರೆಗಿನ ತಿಂಗಳುಗಳು ನಡೆಯಲು ಹಿತ. ಕುಡಿಯುವ ನೀರು, ಊಟ, ಟೋಪಿ, ಮಕ್ಕಳಿಗೆ ಕಾಲು ಮುಚ್ಚುವ ಶೂ ಜೊತೆಗಿರಲಿ. ಚಿರತೆ, ಕರಡಿಗಳ ನೆಲೆ ಇದು. ರಸ್ತೆ ಬಿಟ್ಟು ಕಾಡಿನೊಳಗೆ ನುಗ್ಗಬಾರದು. ಒಳಗಿನ ಕಾಲುದಾರಿಗಳಿಗೆ ಅರಣ್ಯ ಇಲಾಖೆಯನ್ನು ಕೇಳಿಯೇ ಹೋಗಬೇಕು. ಹೊತ್ತು ಮುಳುಗುವ ಮುನ್ನ ಕೆಳಗಿಳಿದಿರಬೇಕು. ಮರಳುವಾಗ ತಂದ ಬುತ್ತಿಯ ಜೊತೆ ತಂದ ಚೀಲ, ಬಾಟಲಿಗಳೆಲ್ಲ ಮನೆಗೇ ಬರಲಿ. ಕೂಸಿನ ತೊಟ್ಟಿಲಲ್ಲಿ ಕಸ ಬಿಟ್ಟು ಬರುವವರುಂಟೆ?